ಪಡಸಾಲೆಯ ಎರಡು ಮೊಳೆ

ನಿಪ್ಪಾಣಿ, 9-3-1987

ಕಸ್ತೂರಕ್ಕನಿಗೆ ಶೇವಂತಾಳ ನಮಸ್ಕಾರ.

ಇಲ್ಲಿ ಊಟಕ್ಕೇನೂ ಕೊರತೆಯಿಲ್ಲ. ಇರುವ ಒಂದೇ ಕೋಣೆಯಲ್ಲಿ ತಂಬಾಕು ತುಂಬಿದ್ದಾರೆ, ಉಳಿದದ್ದೆಲ್ಲ ಪಡಸಾಲೆ. ಉಣ್ಣುವುದು, ಬೀಡಿ ಕಟ್ಟುವುದು, ಬಂದವರ ಹರಟೆ, ಹನ್ನೊಂದು ಜನರ ಹಾಸಿಗೆ, ಎಲ್ಲ ಅಲ್ಲೇ. ಕೂತರೂ ನಿಂತರೂ ಯಾರದಾದರೂ ಕಣ್ಣು. ಮದುವೆಯಾಗಿ ನಾಲ್ಕು ತಿಂಗಳಾದರೂ ನಾನು ಅತ್ತೆಯ ಪಕ್ಕ, ಇವರು ಮಾವನ ಪಕ್ಕ ಮಲಗುತ್ತೇವೆ.

ನಿನ್ನ ಹಳೆ ಇಳಕಲ್ ಸೀರೆ ಎರಡು, ದಪ್ಪನೆಯವು, ಕಳಿಸು. ಬಂದ ಪತ್ರವನ್ನು ಮಾವ ಪಡಸಾಲೆಯಲ್ಲೇ ಎಲ್ಲರಿಗೂ ಗಟ್ಟಿಯಾಗಿ ಓದುತ್ತಾರೆ. ಆದ್ದರಿಂದ ಕೌದಿಗೆಂದು ಬರೆ, ಪರದೆಗೆಂದು ಬರೆಯಬೇಡ.

ನಿನ್ನೆ ಇವರು ಮೂಲೆಯ ಎರಡೂ ಗೋಡೆಗೆ ಒಂದೊಂದು ಮೊಳೆ ಹೊಡೆದರು.

"ಯಾಕಲೇ ಅವು?" ಎಂದರು ಮಾವ.

"ಕ್ಯಾಲೆಂಡರ್ ಹಾಕಾಕ್ರಿ."

ಮನೆಯ ಒಂದೇ ಕ್ಯಾಲೆಂಡರ್ ಆಗಲೇ ಕಂಬಕ್ಕೆ ತೂಗುತ್ತಿದೆ, ಅಕ್ಕಾ. ಸೀರೆ ಲಗೂನ ಕಳಿಸು.

ನಿನ್ನ ತಂಗಿ,
ಶೇವಂತಾ