ಹಲ್ಲಿಗೆ ತಾಗದ ಎಲೆ

ಎಕ್ಕಂಬಿ
ಶನಿವಾರ, ೧೪ ಜೂನ್ ೨೦೨೫

ಕಬಡ್ಡಿ ಅಂಕಣದ ಎಡ ಮೂಲೆ ಕಾಯುವ ನನ್ನ ಯಜಮಾನರಿಗೆ,

ನಿಮ್ಮ ಮಹೇಶ್ವರಿಯ ನಮಸ್ಕಾರಗಳು. ಮೊದಲು ಮೊಣಕಾಲಿನ ಸಮಾಚಾರ ತಿಳಿಸಿ. ಬಲಗಾಲಿನ ಬಾವು ಇಳಿಯಿತೇ? ನಾನು ಕಟ್ಟಿಕೊಟ್ಟ ಉಪ್ಪಿನ ಗಂಟನ್ನು ಬಿಸಿ ಮಾಡಿ ಶಾಖ ಕೊಟ್ಟುಕೊಳ್ಳುತ್ತಿದ್ದೀರೋ, ಇಲ್ಲಾ ರಾಜ್ಯ ತಂಡದ ಕ್ಯಾಂಪಿನ ಫಿಸಿಯೋ ನಗುತ್ತಾನೆಂದು ಚೀಲದ ತಳಕ್ಕೆ ತುರುಕಿದ್ದೀರೋ? ಎರಡನೆಯದೇ ನಿಜ ಅಂತ ನನಗೆ ಗೊತ್ತಿದೆ. ಅವನು ನಗಲಿ ಬಿಡಿ, ನೋವು ಅವನದಲ್ಲವಲ್ಲ. ಗುರೆಳ್ಳು ಚಟ್ನಿಪುಡಿ ಇಷ್ಟು ಹೊತ್ತಿಗೆ ಮುಗಿದಿರಬೇಕು. ತಂಡದವರಿಗೆಲ್ಲ ಹಂಚಿ ನೀವು ಬರೀ ರೊಟ್ಟಿ ತಿನ್ನುವ ಜಾತಿ. ಇಲ್ಲಿ ನಾವೆಲ್ಲ ಆರಾಮ. ಗೀತಾಳ ಮುಂದಿನ ಹಲ್ಲು ಬಿತ್ತು. ಅದನ್ನು ಹಂಚಿನ ಮೇಲೆ ಎಸೆಯೋಣ ಬಾ ಎಂದರೆ, ಅಪ್ಪ ಬಂದೇ ಎಸೆಯಬೇಕು, ಅಪ್ಪ ಎಸೆದರೆ ದೂರ ಹೋಗುತ್ತದೆ ಎಂದು ಅರಿಶಿನದ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾಳೆ. ಒಗ್ಗರಣೆ ಹಾಕುವಾಗ ಪ್ರತಿಸಲ ಆ ಹಲ್ಲು ನನ್ನನ್ನು ನೋಡಿ ನಗುತ್ತದೆ.

ಫೋನ್ ಇರುವಾಗ ಕಾಗದವೇಕೆ ಎಂದು ಕೇಳಬೇಡಿ. ಫೋನ್ ಬಂದರೆ ನಿಮ್ಮ ತಂದೆಯವರು ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾರೆ, ಪಕ್ಕದ ಮನೆಯವರೂ ಒಂದೆರಡು ಮಾತಾಡುತ್ತಾರೆ, ನೀವು "ಹೂಂ, ಹೂಂ, ಆಮ್ಯಾಲ ಮಾತಾಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಹೆಂಡತಿಯ ಮಾತಿಗೆ ಹೂಂಗುಟ್ಟಿ ತಪ್ಪಿಸಿಕೊಳ್ಳುವುದು ಸುಲಭ. ಕಾಗದಕ್ಕೆ ಹೂಂ ಅನ್ನಲು ಬರುವುದಿಲ್ಲ. ಆದ್ದರಿಂದ ಒಂದು ಕಡೆ ಕುಳಿತು ಪೂರ್ತಿ ಓದಿ.

ಮೊನ್ನೆ ಮಾತಾಡುವಾಗ ನೀವು ಒಂದು ಮಾತು ಅಂದಿರಿ. "ಅಪ್ಪ ಎಲಿ ಹಿಡದಾನ, ಮುಗೀತು ಬಿಡು. ಅಷ್ಟಕ್ಕೂ ಅಷ್ಟ್ ರೊಕ್ಕಕ್ಕ ನಾ ಯೋಗ್ಯ ಅದೀನೇನು, ನೀನs ಹೇಳು." ಸ್ಪೀಕರಿನಲ್ಲಿ ಎಲ್ಲರೂ ಕೇಳಿದರು. ಎಲ್ಲರ ಮುಂದೆ ಕೊಡುವ ಉತ್ತರ ಅದಲ್ಲ. ಉತ್ತರ ಈಗ ಬರೆಯುತ್ತಿದ್ದೇನೆ.

ಎಲೆ ಹಿಡಿದದ್ದು ಹೇಗೆ ಎಂದು ನಿಮಗೆ ಅರ್ಧ ಮಾತ್ರ ಗೊತ್ತು. ಹಳೆಯ ತಂಡದ ಮ್ಯಾನೇಜರ್ ರವೀಂದ್ರ ಸಾಹೇಬರು ಕಾರಿನಲ್ಲಿ ಬಂದಿಳಿದಾಗ ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ. ದಾರಿ ತೋರಿಸಲು ನಮ್ಮ ಅಂದಾನಪ್ಪನವರು ಮುಂದಿನ ಸೀಟಿನಲ್ಲಿ ಕೂತಿದ್ದರು. ಊರಿನಲ್ಲಿ ಯಾರ ಮನೆಯ ಕೆಲಸವಿದ್ದರೂ ಅವರ ಧೋತರದ ಚುಂಗು ಮೊದಲು ಕಾಣುತ್ತದಲ್ಲ. ಸಾಹೇಬರು ಮಾವನವರಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಇಟ್ಟರು, ನಿಮ್ಮ ಹಳೆಯ ಫೋಟೋಕ್ಕೆ ಚೌಕಟ್ಟು ಹಾಕಿಸಿ ತಂದಿದ್ದರು. ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಆನಂದನನ್ನು ಕರೆದುಕೊಂಡು ಹೋಗಿ ಆಡಿಸಿದವರು ನಾವು ಎಂದು ನೆನಪಿಸಿದರು. ಅದು ಸುಳ್ಳಲ್ಲ, ನಾನೂ ಮರೆತಿಲ್ಲ. ಆಮೇಲೆ ಅಂದಾನಪ್ಪನವರು ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು, ತೆಂಗಿನಕಾಯಿಯ ಮೇಲೆ ಎಲೆ ಅಡಿಕೆ ಇಟ್ಟು ಮಾವನವರ ಕೈಗೆ ಕೊಡಿಸಿದರು. ಮಾವನವರು ಎರಡೂ ಕೈಯೊಡ್ಡಿ ಹಿಡಿದರು, ಎಲೆ ಹಿಡಿದರೆ ಮಾತು ಕೊಟ್ಟ ಹಾಗೆಯೇ ಅಲ್ಲವೇ. ಅಲ್ಲಿಯ ತನಕ ಹಣದ ಮಾತೇ ಬಂದಿರಲಿಲ್ಲ. ಎಲೆ ಕೈಗೆ ಬಂದ ಮೇಲೆ ಸಾಹೇಬರು ಮೆಲ್ಲಗೆ, ಹೋದ ಕರಾರಿನ ಹಣವನ್ನೇ ಮುಂದುವರಿಸೋಣ, ಮನೆಯವರ ನಡುವೆ ಚೌಕಾಶಿ ಯಾಕೆ ಎಂದರು. ಮಾವನವರು ತಲೆ ಅಲ್ಲಾಡಿಸಿದರು. ಚಹಾ ಕುಡಿದು ಕಾರು ಹೋಯಿತು.

ಆಗ ನಾನು, ಹೊಸ ತಂಡದವರು ಮೂರು ಪಟ್ಟು ಕೊಡುತ್ತೇವೆ ಎಂದಿದ್ದಾರಲ್ಲ ಎಂದೆ. ನಿಮ್ಮ ಕರಾರು ಮುಗಿದಿದೆ, ಯಾವ ತಂಡಕ್ಕಾದರೂ ಹೋಗಬಹುದು, ಈ ತಿಂಗಳ ಕೊನೆಯೊಳಗೆ ಸಹಿ ಆಗಬೇಕು ಎಂದು ಬಿಡಿಸಿ ಹೇಳಿದೆ. ಮಾವನವರು ಕಣ್ಣು ಕೆಂಪು ಮಾಡಿದರು. "ಅನ್ನ ಹಾಕಿದವ್ರು ಮನೀ ತನಕ ಬಂದಾರ, ಇಲ್ಲ ಅನ್ನಾಕ ಆಗ್ತೈತೇನು? ಅಷ್ಟಕ್ಕೂ ಒಬ್ಬ ಮಾಸ್ತರ ಜೀವಮಾನ ಪೂರ್ತಿ ದುಡದ್ರೂ ಕಾಣದ ರೊಕ್ಕ, ಬರೇ ಕಬಡ್ಡಿ ಆಡೂದಕ್ಕ ಯಾಕ ಬೇಕು? ಆಸೀಬುರಕತನ ಅದು." ಎಲೆ ಅಡಿಕೆಯನ್ನು ದೇವರ ಮುಂದಿನ ತಟ್ಟೆಯಲ್ಲಿ ಇಟ್ಟರು, ಮಗ ಬಂದ ಮೇಲೆ ಅವನೇ ಹಾಕಿಕೊಳ್ಳಲಿ ಎಂದು.

ಈಗ ನನ್ನ ಮಾತು ಕೇಳಿ. ಮಾಸ್ತರರ ಸಂಬಳದ ವಿಷಯ ಎತ್ತಿದರೆ ಅದಕ್ಕೆ ಉತ್ತರ ಕೊಡುವ ಹಕ್ಕು ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಅತಿಥಿ ಶಿಕ್ಷಕಿ! ಹೆಸರೇ ಎಷ್ಟು ಚೆಂದ, ಅತಿಥಿ ಅಂತೆ. ಪ್ರತಿ ಜೂನಿನಲ್ಲಿ ನಾನೂ ಕರಾರು ಮುಗಿದ ಆಟಗಾರ್ತಿಯೇ ಕಣ್ರೀ, ಆದರೆ ನನ್ನ ಮನೆಗೆ ಯಾರೂ ಶಾಲು ಹಿಡಿದು ಬರುವುದಿಲ್ಲ. ನಾನೇ ಫೈಲು ಹಿಡಿದು ಶಿರಸಿಯ ಕಚೇರಿ ಮೆಟ್ಟಿಲು ಹತ್ತಬೇಕು. ಹಾಗಾಗಿ ಇದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎಂದು ನಾನೇ ಮೊದಲು ಹೇಳುತ್ತೇನೆ. ನಲವತ್ತು ಮಕ್ಕಳಿಗೆ ಕನ್ನಡ ಕಲಿಸುವವಳಿಗೆ ಅಷ್ಟು, ಒಂದು ಕಾಲು ಹಿಡಿದು ಎಳೆಯುವವನಿಗೆ ಇಷ್ಟು ಎಂದರೆ ನನಗೂ ಹೊಟ್ಟೆ ಉರಿಯುತ್ತದೆ. ಉರಿಯಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಆದರೆ ಒಂದು ವಿಚಾರ ಮಾಡಿ ನೋಡಿ. ನೀವು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ ಹಣ ನನ್ನ ಶಾಲೆಗೆ ಬರುತ್ತದೆಯೇ? ಬಿಸಿಯೂಟದ ಅಕ್ಕಂದಿರಿಗೆ ಸಿಗುತ್ತದೆಯೇ? ಟಿಕೆಟ್ಟು ಹರಿಸಿಕೊಂಡು ಜನ ಬರುತ್ತಾರೆ, ಟಿವಿಯಲ್ಲಿ ನೀವು ಎದ್ದು ನಿಲ್ಲುವ ಹೊತ್ತಿಗೆ ಸಿಮೆಂಟಿನ ಜಾಹೀರಾತು ಬರುತ್ತದೆ, ಆ ಹಣವೆಲ್ಲ ಆಗಲೇ ಬಂದು ಬಿದ್ದಾಗಿದೆ. ನೀವು ತೆಗೆದುಕೊಳ್ಳದಿದ್ದರೆ ಅದು ಮಾಲೀಕರ ಕಿಸೆಯಲ್ಲೇ ಉಳಿಯುತ್ತದೆ, ಅಷ್ಟೇ. ಜನ ನೋಡಲು ಬರುವುದು ಮಾಲೀಕರ ಮೊಣಕಾಲನ್ನಲ್ಲ. ಇದನ್ನು ನಾನು ಮಾವನವರಿಗೂ ಹೇಳಿದೆ. ಮಾವ, ಹೋದ ವರ್ಷ ಗೋವಿನಜೋಳದ ಧಾರಣೆ ಬಿದ್ದಾಗ ನೀವು ಮಾಲು ಬಿಡದೆ ಗೋದಾಮಿನಲ್ಲಿ ಇಟ್ಟುಕೊಂಡು, ಏರಿದ ಮೇಲೆ ಮಾರಿದಿರಲ್ಲ, ಆಗ ಊರೆಲ್ಲ ಜಾಣ ವ್ಯಾಪಾರಿ ಎಂದಿತು. ಜೋಳಕ್ಕೆ ಧಾರಣೆ ಕೇಳುವುದು ಜಾಣತನ, ಮಗನ ಮೈಮುರಿದ ದುಡಿಮೆಗೆ ಕೇಳಿದರೆ ಆಸೆಬುರುಕತನವೇ ಎಂದೆ. ಮಾವನವರು ಹಿಂಡಿ ಚೀಲ ಎಣಿಸಲು ಅಂಗಡಿಗೆ ಹೋದರು. ಸೊಸೆಗೆ ಬಾಯಿ ಹೆಚ್ಚಾಯಿತು ಎಂದು ಅಂದಾನಪ್ಪನವರ ಹತ್ತಿರ ಹೇಳಿದರಂತೆ. ಹೆಚ್ಚಾಗಿದೆ, ಅಲ್ಲ ಅನ್ನುವುದಿಲ್ಲ.

ನಿಮಗೆ ನಾಗಪತಿಯ ವಿಷಯವನ್ನೂ ಹೇಳಬೇಕು. ಯಲ್ಲಾಪುರದ ಹೊನಲು ಬೆಳಕಿನ ಪಂದ್ಯದಲ್ಲಿ ನೀವಿಬ್ಬರೂ ಗೆದ್ದ ಒಂದೇ ಢಾಲನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದ ಫೋಟೋ ನಮ್ಮ ಕಪಾಟಿನಲ್ಲಿ ಇನ್ನೂ ಇದೆ. ಆಗ ಎಲ್ಲರೂ ಅವನನ್ನೇ ನೋಡುತ್ತಿದ್ದರು, ರೈಡಿಗೆ ಹೋದರೆ ಕೈಗೆ ಸಿಗದ ಮೀನು. ಅವನಿಗೂ ಹೆಚ್ಚು ಹಣಕ್ಕೆ ಕರೆ ಬಂದಿತ್ತು, ಇವರೇ ನಮ್ಮವರು ಎಂದು ಹಳೆಯ ಹಣಕ್ಕೇ ಉಳಿದುಕೊಂಡ. ಮರುವರ್ಷ ಕಾಲು ಹೋಯಿತು. ಈಗ ಸಿದ್ದಾಪುರದಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಕ್ಲಚ್ ಒತ್ತಲು ಆಗುವುದಿಲ್ಲವೆಂದು ಕೈಯಲ್ಲೇ ಎಲ್ಲ ನಡೆಯುವ ಹಾಗೆ ಮಾಡಿಸಿಕೊಂಡಿದ್ದಾನೆ. ಕಳೆದ ತಿಂಗಳು ಅಲ್ಲಿ ಮದುವೆಗೆ ಹೋದಾಗ ಸಿಕ್ಕಿದ್ದ. ತಂಡದವರು ಏನು ಕೊಟ್ಟರು ಎಂದು ಕೇಳಿದ್ದಕ್ಕೆ ನಕ್ಕ. "ಎಂತ ಕೊಡೂದು ತಂಗೀ, ಒಂದು ಶಾಲು, ಒಂದು ಹೂವಿನ ಗುಚ್ಛ. ಶಾಲು ಮಾತ್ರ ಚಲೋ ಇತ್ತು ನೋಡು. ಆನಂದಂಗೆ ಹೇಳು, ನನ್ ಹಾಂಗೆ ಮಾಡ್ಕಳೂದು ಬೇಡ." ನಗುತ್ತಲೇ ಹೇಳಿದ, ಆದರೆ ಆಟೋ ಏರುವಾಗ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡ. ಅದನ್ನು ನೋಡಿ ನನಗೆ ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿ ಕೂತವರು ತವರು ಬಿಟ್ಟು ಬಂದ ಹೊಸ ಮದುವಣಗಿತ್ತಿ ಎಂದುಕೊಂಡಿರಬೇಕು.

ನಿಮಗೆ ಮೂವತ್ತೆರಡು ತುಂಬುತ್ತಿದೆ. ಇದು ನಿಮ್ಮ ಕೊನೆಯ ದೊಡ್ಡ ಕರಾರು ಎಂದು ನಿಮಗೂ ಗೊತ್ತು, ನನಗೂ ಗೊತ್ತು, ನಿಮ್ಮ ಮೊಣಕಾಲಿಗಂತೂ ಚೆನ್ನಾಗಿ ಗೊತ್ತು. ಮುಂದಿನ ಸಲ ಕರೆಯಲು ಯಾರೂ ಇರುವುದಿಲ್ಲ. ಮಾಸ್ತರರು ಅರವತ್ತರ ತನಕ ದುಡಿಯುತ್ತಾರೆ, ನೀವು ಇನ್ನೆರಡು ಮೂರು ವರ್ಷ. ಆ ಮೇಲಿನ ಮೂವತ್ತು ವರ್ಷ ಆ ಕಾಲು ನಮ್ಮ ಮನೆಯಲ್ಲಿ ಇರುತ್ತದೆ, ರವೀಂದ್ರ ಸಾಹೇಬರ ಮನೆಯಲ್ಲಲ್ಲ. ಅದಕ್ಕೆ ಶಾಖ ಕೊಡುವವಳು ನಾನು. ನನಗೆ ಬಂಗಾರ ಬೇಡ, ಕಾರು ಬೇಡ. ನೀವು ಆಟ ಬಿಟ್ಟ ದಿನ ಯಾರ ಬಾಗಿಲಲ್ಲೂ ನಿಲ್ಲದಂತಿರಬೇಕು, ಇಷ್ಟೇ ನನ್ನ ಹಟ.

ಇನ್ನು ಎಲೆಯ ಮಾತು. ನಿಮ್ಮ ಅವ್ವ ಇಷ್ಟು ದಿನ ಸುಮ್ಮನಿದ್ದರು. ನೀವು ಫೋನಿನಲ್ಲಿ ಯೋಗ್ಯನೇ ಎಂದು ಕೇಳಿದ ದಿನ ಅತ್ತೆಯವರು ಊಟ ಬಿಟ್ಟು ಎದ್ದು ಹೋದರು. ಮರುದಿನ ರೊಟ್ಟಿ ಬಡಿಯುತ್ತ ತಾವೇ ಶುರುಮಾಡಿದರು. ಅವರ ಅಪ್ಪ ಬನವಾಸಿಯ ಹತ್ತಿರ ಸಂಬಳದ ಆಳಾಗಿದ್ದ ಸಂಗತಿ ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಆಳುಗಳ ವರ್ಷ ಯುಗಾದಿಗೆ ಮುಗಿಯುತ್ತಿತ್ತಂತೆ, ಅವತ್ತು ಬೇಕಾದ ಮನೆಗೆ ಹೋಗಬಹುದಿತ್ತಂತೆ. ಬಿತ್ತುವಾಗ ಕೂರಿಗೆ ಹಿಡಿದರೆ ಸಾಲು ಕದಲದ ಮನುಷ್ಯ, ಸುತ್ತ ನಾಲ್ಕು ಊರಿನವರು ಕರೆಯುತ್ತಿದ್ದರು. "ಆದ್ರ ಒಡೆಯಾ ಹಬ್ಬದ ಮುಂಜಾನೆನs ಬಂದು ಎಲಿ ಮೊದಲ ಕೊಡ್ತಿದ್ದ, ರೊಕ್ಕದ ಮಾತು ಆಮ್ಯಾಲ. ಕೈಯಾಗ ಎಲಿ ಹಿಡಕೊಂಡು ನಮ್ಮಪ್ಪ ಏನ್ ಚೌಕಾಶಿ ಮಾಡ್ಯಾನು? ಪ್ರತಿ ವರ್ಷ ಹಿಂಗs ಆತು. ಈಗ ನಿನ್ನ ಮಾವ, ದೊಡ್ಡ ವ್ಯಾಪಾರಸ್ಥ, ಅದs ಎಲಿ ಹಿಡದು ಕುಂತಾನ." ಇಷ್ಟು ಹೇಳಿ ರೊಟ್ಟಿಯನ್ನು ಹೆಂಚಿಗೆ ಹಾಕಿದ ರಭಸಕ್ಕೆ ಹಿಟ್ಟು ನನ್ನ ಮುಖಕ್ಕೆ ಹಾರಿತು. ನಿಮ್ಮ ಅವ್ವನಿಗೆ ಸಿಟ್ಟು ಬರುತ್ತದೆ ಎಂಬುದನ್ನೇ ನಾನು ಮೊದಲ ಸಲ ನೋಡಿದೆ. ಎಲೆಯ ವಿಷಯ ನೀವು ತಲೆಗೆ ಹಚ್ಚಿಕೊಳ್ಳಬೇಡಿ, ಅದನ್ನು ನಮ್ಮಿಬ್ಬರಿಗೆ ಬಿಡಿ.

ಅಪ್ಪನ ಮಾತು ಮುರಿದ ಮಗ ಎಂಬ ಹೆಸರು ಬರುತ್ತದೆ ಎಂದು ನಿಮಗೆ ಅಂಜಿಕೆ, ಗೊತ್ತು. ಅದು ನಿಮ್ಮ ತಲೆಯ ಮೇಲೆ ಬರದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ನಿಮ್ಮ ಕೆಲಸ ಒಂದೇ, ನಾನು ಯೋಗ್ಯನೇ ಎಂದು ಕಂಡಕಂಡವರನ್ನು ಕೇಳುವುದನ್ನು ಬಿಡುವುದು. ಊಟ ಸರಿಯಾಗಿ ಮಾಡಿ. ಉಪ್ಪಿನ ಗಂಟು ಹೊರಗೆ ತೆಗೆಯಿರಿ. ಗೀತಾ ಅಪ್ಪನಿಗೆ ಒಂದು ಮುತ್ತು ಎಂದು ಬರೆಯಲು ಹೇಳಿದ್ದಾಳೆ, ಹಲ್ಲಿಲ್ಲದ ಮುತ್ತು. ಅತ್ತೆಯವರ ಆಶೀರ್ವಾದ ಬೆಟ್ಟದಷ್ಟಿದೆ. ಮಾವನವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅವರ ಆಶೀರ್ವಾದವನ್ನು ನಾನೇ ಕೇಳದೆ ಸೇರಿಸಿ ಕಳಿಸುತ್ತಿದ್ದೇನೆ.

ನಿಮ್ಮವಳೇ,
ಮಹೇಶ್ವರಿ

ತಾ.ಕ.: ಸೋಮವಾರ ಬೆಳಿಗ್ಗೆ. ಶಿರಸಿ ಅಂಚೆ ಕಚೇರಿಯಲ್ಲಿ ನಿಂತುಕೊಂಡೇ ಗೀಚುತ್ತಿದ್ದೇನೆ, ಶಾಲೆಗೆ ಹೊತ್ತಾಯಿತು. ಎಲೆ ಮರಳಿಸಿಬಿಟ್ಟೆವು. ರವೀಂದ್ರ ಸಾಹೇಬರು ಹುಡುಗರನ್ನು ಆರಿಸಲು ಸಿದ್ದಾಪುರದಲ್ಲೇ ಉಳಿದಿದ್ದಾರೆಂದು ತಿಳಿದು ನಿನ್ನೆ ಅತ್ತೆಯವರು, "ಬಾಯಾಗ ಹಾಕ್ಕೊಂಡಿಲ್ಲ. ಹಲ್ಲಿಗೆ ತಾಗದ ಎಲಿ ಇನ್ನೂ ಕೊಟ್ಟವರದ. ನಡಿ" ಎಂದು ದೇವರ ತಟ್ಟೆಯಿಂದ ಅದನ್ನು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟರು. ಫೋನಿನಲ್ಲಿ ಹೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ, ಅದಕ್ಕೇ ಹೇಳಲಿಲ್ಲ. ಲಾಡ್ಜಿನ ಮೇಜಿನ ಮೇಲೆ ಬಾಡಿದ ಎಲೆ, ಅಡಿಕೆ, ಕಾಯಿ, ಶಾಲು ಎಲ್ಲ ಇಟ್ಟು, "ಸಾಹೇಬ್ರ, ನಿಮ್ಮದು ನಿಮಗ ಮುಟ್ಟಿತ್ರಿ" ಎಂದರು. ಸಾಹೇಬರು ನಕ್ಕು, ಅಯ್ಯೋ ಅಮ್ಮಾ, ಅಂದಾನಪ್ಪನವರು ಕೊಡಿ ಅಂದದ್ದಕ್ಕೆ ಅದನ್ನು ಕೊಟ್ಟೆ, ಅದರಲ್ಲೇನಿದೆ ಎಂದರು. ನಮ್ಮ ಮನೆಯಲ್ಲಿ ಎಲ್ಲರ ಅನ್ನ ಕೆಡಿಸಿದ ಎಲೆಯಲ್ಲಿ ಅವರಿಗೆ ಏನೂ ಇರಲಿಲ್ಲ! ನಾವು ಬಾಗಿಲು ದಾಟುವುದರೊಳಗೆ ಹಿಂದಿನಿಂದ ಕೂಗಿದರು, ಹಾಗಾದರೆ ಆ ತಂಡದವರು ಹೇಳಿದ್ದನ್ನೇ ನಾವೂ ಕೊಡುತ್ತೇವೆ, ಆನಂದನಿಗೆ ತಿಳಿಸಿ ಎಂದು. ಯಾರಿಗೂ ಫೋನ್ ಮಾಡಲಿಲ್ಲ, ಯಾರನ್ನೂ ಕೇಳಲಿಲ್ಲ, ಕೂತಲ್ಲೇ ಮೂರು ಪಟ್ಟು ಮಾಡಿದರು. ಮನೆಗೆ ಬಂದು ಹೇಳಿದಾಗ ಮಾವನವರು ಮೊದಲು ಕೂಗಾಡಿದರು, ಆ ಕೊನೆಯ ಮಾತು ಕೇಳಿದ ಮೇಲೆ ಕೂತುಬಿಟ್ಟರು. "ಅಂದ್ರ ನಮ್ಮ ಮನಿಗೆ ಬಂದಾಗನೂ ಆ ರೊಕ್ಕ ಅವ್ರ ಕಡೆ ಇತ್ತು" ಎಂದರು. ಆಮೇಲೆ, ಇನ್ನು ಯಾರಾದರೂ ಎಲೆ ತಂದರೆ ಮೊದಲು ಧಾರಣೆ ಕೇಳುತ್ತೇನೆ ಎಂದು ನನಗೇ ಹೇಳಿದರು, ಮಾತು ಬಿಟ್ಟಿದ್ದು ಮರೆತುಹೋಗಿತ್ತು. ಈಗ ಎರಡೂ ತಂಡ ಒಂದೇ ಧಾರಣೆಯಲ್ಲಿ ನಿಂತಿವೆ, ಸಹಿ ಎಲ್ಲಿ ಹಾಕಬೇಕೆಂಬುದು ನಿಮಗೆ ಬಿಟ್ಟದ್ದು. ನೀವು ಯೋಗ್ಯರೇ ಎಂದು ಕೇಳಿದಿರಲ್ಲ, ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಕಣ್ರೀ, ಗೊತ್ತಿಲ್ಲದವರು ನೀವೊಬ್ಬರೇ. ಸಹಿ ಹಾಕಿ ಫೋನ್ ಮಾಡಿ. ಸ್ಪೀಕರ್ ಹಾಕಿಯೇ ಕೇಳುತ್ತೇವೆ.