ಆರು ವರ್ಷದ ಕುದುರೆಯ ಬಾಯಿ

ಲಾಯದ ಪಕ್ಕದ ಕೋಣೆ
ಸೋಮವಾರ

ಪ್ರೀತಿಯ ಅಣ್ಣಾ,

ನೀನು ಅಮ್ಮನಿಗೆ ಮುದಿ ಕುದುರೆಯನ್ನು ಆರು ವರ್ಷದ್ದೆಂದು ಹೇಳಿ ಮಾರಿದ್ದೀಯ. ಇದು ಮೋಸ. ಇರಲಿ, ಆರೋಗ್ಯ ಹೇಗಿದೆ? ಕೆಮ್ಮು ನಿಂತಿತೇ? ಸಂತೆಯಿಂದ ಸಂತೆಗೆ ಅಲೆಯುವವನು ಬಿಸಿನೀರನ್ನಾದರೂ ಕುಡಿ. ಎಷ್ಟು ಕೋಪವಿದ್ದರೂ ನಿನ್ನ ಕೆಮ್ಮನ್ನು ವಿಚಾರಿಸದಿರಲು ನನ್ನಿಂದಾಗದು.

ಕುದುರೆಯ ಪಕ್ಕೆಲುಬು ಎದ್ದು ಕಾಣುತ್ತಿದೆ. ಬ್ರೆಡ್ಡಿನ ಗಾಡಿ ಏರು ಹತ್ತುವಾಗ ಅಮ್ಮ ಇಳಿದು ಹಿಂದಿನಿಂದ ತಳ್ಳುತ್ತಾಳೆ. ಅದೇ ಹೊತ್ತಿಗೆ ಕುದುರೆ ನೋಡಿಕೊಳ್ಳುವ ಲಾಯದ ತಾತ ಸಾಕಿರುವ ಕೋಳಿಗಳು ಮಾತ್ರ ದಿನೇದಿನೇ ಉಬ್ಬುತ್ತಿವೆ. "ಕಾಳು ಕುದುರೆಗೆ ಹಾಕ್ತೀನಿ ಅಂತಾನೆ, ಕೊಬ್ಬೋದು ಅವನ ಕೋಳಿ! ನನ್ನ ಕಣ್ಣಿಗೇನು ಮಣ್ಣು ಬಿದ್ದಿದೆಯಾ?" ಎಂದು ಅಮ್ಮ ಕೂಗಾಡಿದಳು. ದುಡಿಯುವವನ ಮೇಲೇ ಮೊದಲು ಅನುಮಾನ ಬೀಳುವಂತೆ ಈ ಸಮಾಜ ಕಟ್ಟಲ್ಪಟ್ಟಿದೆ, ನಾನು ಹಂಚುವ ಕರಪತ್ರದಲ್ಲೂ ಹಾಗೇ ಇದೆ ಎಂದೆ. "ನಿನ್ನ ಕರಪತ್ರಾನ ಗಾಡಿಗೆ ಕಟ್ಟು, ಬ್ರೆಡ್ಡು ಎಳೆಯುತ್ತಾ ನೋಡೋಣ" ಎಂದಳು.

ಆದರೂ ಮೂಟೆಗಳ ಹಿಂದೆ ಅವಿತು ಕೂತು ನೋಡಿದೆ. ತಾತ ಡಬ್ಬಿ ತುಂಬ ಕಾಳನ್ನು ಒಂದೂ ಉಳಿಸದೆ ಕುದುರೆಗೇ ಸುರಿದರು. ಅದು ತಲೆ ವಾರೆ ಮಾಡಿ ಬಹಳ ಹೊತ್ತು ಅಗಿಯಿತು. ಹುಲ್ಲು ಒದ್ದೆ ಉಂಡೆಯಾಗಿ ಬಾಯಿಂದ ಕೆಳಗೆ ಬಿತ್ತು. ಲದ್ದಿಯಲ್ಲಿ ಕಾಳು ಹಾಗೇ ಇಡಿಯಾಗಿತ್ತು. ಕೋಳಿಗಳು ಓಡಿ ಬಂದು ಕೊಕ್ಕಿನಿಂದ ಒಂದೊಂದನ್ನೇ ಹೆಕ್ಕಿದವು. ಅವುಗಳಿಗೆ ಹಲ್ಲೇ ಇಲ್ಲ, ಬೇಕಾಗಿಯೂ ಇಲ್ಲ. ನುಂಗಿದ ಕಲ್ಲಿನ ಚೂರುಗಳೇ ಹೊಟ್ಟೆಯಲ್ಲಿ ಕಾಳು ಅರೆಯುತ್ತವೆ. ಕುದುರೆ ಹಲ್ಲಿನಲ್ಲಿ ಅರೆಯದಿದ್ದರೆ ತಿಂದದ್ದು ತಿಂದ ಹಾಗೇ ಆಚೆ ಬರುತ್ತದೆ. ಕಳ್ಳತನ ಆಗಿಯೇ ಇಲ್ಲ!

ಪಶುಪಾಲನೆಯ ಕಿರುಹೊತ್ತಿಗೆಯೊಂದು ನನ್ನಲ್ಲಿತ್ತು. ಅದನ್ನು ಓದಿಕೊಂಡು ಕುದುರೆಯ ಬಾಯಿ ಬಿಡಿಸಿದೆ. ಮುಂದಿನ ಹಲ್ಲುಗಳಲ್ಲಿ ಎಳೆಯ ಕುದುರೆಗಿರುವಂಥ ಕಪ್ಪು ಗುಳಿಗಳಿವೆ, ಆದರೆ ಹಲ್ಲುಗಳು ಮುದಿ ಕುದುರೆಯವುಗಳ ಹಾಗೆ ಮುಂದಕ್ಕೆ ಚಾಚಿವೆ. ಗುಳಿಯ ಸುತ್ತ ಇರಬೇಕಾದ ಬಿಳಿ ಅಂಚಿಲ್ಲ. ವಯಸ್ಸು ಮುಚ್ಚಿಡಲು ಯಾರೋ ಕೊರೆದು, ಕಾದ ಕಂಬಿಯಿಂದ ಸುಟ್ಟಿದ್ದಾರೆ. ದವಡೆ ಹಲ್ಲುಗಳಂತೂ ಒಸಡಿನವರೆಗೆ ಸವೆದಿವೆ. "ಬಾಯಿ ಮುಚ್ಚು ಮಗಳೇ. ಕುದುರೇದೂ ಮುಚ್ಚು, ನಿಂದೂ ಮುಚ್ಚು" ಎಂದರು ತಾತ. ಅವರಿಗೆ ಎಲ್ಲ ಗೊತ್ತು. ನಿನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರಲ್ಲವೇ, ಹೇಳುವುದಿಲ್ಲ.

ನಿನಗೂ ಯಾರೋ ಟೋಪಿ ಹಾಕಿರಬಹುದೆಂದು ಯೋಚಿಸಿದೆ. ಆದರೆ ಬಾಯಿ ಬಿಡಿಸಿ ನೋಡದೆ ಆಡಿನ ಮರಿಯನ್ನೂ ಕೊಳ್ಳದವನು ನೀನು. ಕುದುರೆ ಮಾರಿದ ದಿನ ಅಮ್ಮ ಪಶುವೈದ್ಯರನ್ನು ಕರೆಸೋಣವೆಂದರೆ "ಡಾಕ್ಟರ್ ಯಾಕಮ್ಮಾ, ನಾನಿಲ್ವಾ?" ಎಂದು ನಕ್ಕೆಯಲ್ಲ, ಆ ನಗು ಈಗ ಬೇರೆಯಾಗಿಯೇ ಕೇಳಿಸುತ್ತಿದೆ.

ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಔಷಧಿ ತಪ್ಪಿಸಬೇಡ.

ಇಷ್ಟಾದರೂ ನಿನ್ನವಳೇ ಆದ,
ತಂಗಿ

ಮರೆತಿದ್ದೆ: ಶನಿವಾರ ಜಾಗ ಖಾಲಿ ಮಾಡುವಂತೆ ಅಮ್ಮ ತಾತನಿಗೆ ಹೇಳಿಬಿಟ್ಟಿದ್ದಾಳೆ. ನೆನೆಸಿದ ತೌಡು ಕೊಟ್ಟರೆ ಕುದುರೆ ಹೇಗೋ ಬದುಕುತ್ತದೆ. ಕಳ್ಳನೆನಿಸಿಕೊಂಡ ಮುದುಕನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನು ಹೇಳಿದರೆ ಕರಪತ್ರದ ಮಾತೆಂದು ಅಮ್ಮ ತಳ್ಳಿಹಾಕುತ್ತಾಳೆ. ನೀನು ಹೇಳಿದರೆ ಮಾತ್ರ ನಂಬುತ್ತಾಳೆ. ಬಂದು ಅವರಿಬ್ಬರ ಎದುರು ಹೇಳು. ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ, ಲಾಯದ ಬಾಗಿಲಲ್ಲಿ.