ಹಂಗು ಬೇರೆ, ಹಂಗ ಬೇರೆ

ರಾಯಚೂರು
೨೩ ನವೆಂಬರ್ ೨೦೨೫, ಭಾನುವಾರ ಬೆಳಿಗ್ಗೆ

ಪ್ರೀತಿಯ ತಂಗಿ ಶಿವಗಂಗಾಳಿಗೆ ನಿನ್ನ ಅಕ್ಕ ಗುರುಶಾಂತಮ್ಮ ಮಾಡುವ ಆಶೀರ್ವಾದಗಳು. ನಾನು ಗಟ್ಟಿಮುಟ್ಟಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡಾಗ ಗೊಣಗುತ್ತದೆ, ಅದರ ಮಾತಿಗೆ ನಾನು ಕಿವಿಗೊಡುವುದಿಲ್ಲ. ದೇವದುರ್ಗದಲ್ಲಿ ನೀನು, ಉದಯಕುಮಾರ, ನಿನ್ನ ಶಾಲೆಯ ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ದಸರೆಗೆ ಮುಂಚೆ ಬಂದ ನಿನ್ನ ಪತ್ರಕ್ಕೆ ದೀಪಾವಳಿ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು "ಹೂಂ, ಮತ್ತೇನಕ್ಕಾ?" ಎಂದು ಬೇಗ ಇಡಲು ನೋಡುತ್ತೀ. ಕಾಗದವಾದರೆ ಕೊನೆತನಕ ಓದುತ್ತೀ. ಈ ಸುದ್ದಿ ಕೊನೆತನಕ ಓದುವಂಥದ್ದು ಮಾರಾಯ್ತಿ!

ನಮ್ಮ ಶೆಫಾಲಿ ಖಾನಾವಳಿ ತೆರೆದಳು! ಮಾನ್ವಿಯಲ್ಲಿ! ಮೀನಿನ ಖಾನಾವಳಿ! ಅದೂ ಎಲ್ಲಿ ಅಂದುಕೊಂಡೆ, ನಮ್ಮ ದೊಡ್ಡಮ್ಮನ ಬೀಗ ಗಡಿಗೆಪ್ಪನ ರೈಸ್ ಮಿಲ್ಲಿನ ಹಿತ್ತಲಲ್ಲಿ! ತೆರೆಸಿದವಳು ಯಾರು? ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ನಿನ್ನ ಅಕ್ಕ! ನಗು, ನಗು. ನಾನೂ ಎರಡು ವಾರದಿಂದ ನಗುತ್ತಲೇ ಇದ್ದೇನೆ.

ಹಾಸ್ಟೆಲ್ ವಾರ್ಡನ್ ಕೆಲಸದಿಂದ ನಿವೃತ್ತಳಾದ ಮೇಲೆ ನಾನು, ಗೆಳತಿ ಜಾಹೆದಾ ಸೇರಿ ಗಂಜ್ ಮಾರುಕಟ್ಟೆಯ ಹಿಂದೆ 'ಹೊಸ್ತಿಲು' ಎಂಬ ಕೇಂದ್ರ ನಡೆಸುತ್ತಿರುವುದು ನಿನಗೆ ಗೊತ್ತೇ ಇದೆ. ಬೇರೆ ಸೀಮೆಯಿಂದ ಬಂದು ಬಿದ್ದ ಹೆಂಗಸರಿಗೆ ಕನ್ನಡ ಕಲಿಸುತ್ತೇವೆ. ಆಸ್ಪತ್ರೆ, ಬ್ಯಾಂಕು, ಕಚೇರಿ ಎಂದರೆ ಜೊತೆಗೆ ಹೋಗುತ್ತೇವೆ. ಒಂದು ಕಸುಬು ಕೈಗೆ ಹತ್ತುವವರೆಗೆ ಬೆನ್ನು ಬಿಡುವುದಿಲ್ಲ. ನಾನು ಬೈಯುತ್ತೇನೆ, ಜಾಹೆದಾ ಸಮಾಧಾನ ಮಾಡುತ್ತಾಳೆ. ಹೀಗೆ ಕೆಲಸ ಹಂಚಿಕೊಂಡಿದ್ದೇವೆ.

ಶೆಫಾಲಿ ಬಂಗಾಳಿ ನಿರಾಶ್ರಿತರ ಪೈಕಿ. ಅವಳ ಅಜ್ಜ ಉಟ್ಟ ಬಟ್ಟೆಯಲ್ಲಿ ಗಡಿ ದಾಟಿ ಬಂದವನಂತೆ. ಇವಳು ಹುಟ್ಟಿದ್ದು ಛತ್ತೀಸಗಡದ ಕಡೆಯ ಒಂದು ಶಿಬಿರದಲ್ಲಿ, ಮದುವೆಯಾಗಿ ಬಂದದ್ದು ಸಿಂಧನೂರಿನ ಕ್ಯಾಂಪಿಗೆ. ಗಂಡ ತೀರಿಕೊಂಡ ಮೇಲೆ ಮುದಿ ಅತ್ತೆಯನ್ನು ಕಟ್ಟಿಕೊಂಡು ರಾಯಚೂರಿನಲ್ಲಿರುವ ಭಾವನ, ಅಂದರೆ ಅಕ್ಕನ ಗಂಡನ, ಮನೆ ಸೇರಿದಳು. ಕ್ಯಾಂಪಿನೊಳಗೆ ಬಂಗಾಳಿಯಲ್ಲೇ ಬದುಕು ನಡೆದುಹೋಗುತ್ತಿತ್ತು, ಆದ್ದರಿಂದ ಕನ್ನಡ ನಾಲಗೆಗೆ ಹತ್ತಿರಲಿಲ್ಲ. ಹತ್ತಿದ ಮೇಲಾದರೂ ಏನು ಹತ್ತಿತು! ಅವಳ ಬಾಯಲ್ಲಿ 'ವ' ಹೊರಡುವುದಿಲ್ಲ, 'ಬ' ಹೊರಡುತ್ತದೆ. ನನ್ನನ್ನು 'ಯವ್ವಾ' ಎಂದು ಕರೆಯಲು ಹೋಗಿ 'ಯಬ್ಬಾ' ಎನ್ನುತ್ತಾಳೆ. ಮೊದಲ ದಿನ ನನ್ನ ಗಾತ್ರ ಕಂಡು ಬೆಚ್ಚಿದಳೇನೋ ಅಂದುಕೊಂಡೆ. ಇನ್ನು ಕೊನೆಯ 'ಅ'ಕಾರವೆಲ್ಲ ಅವಳಿಗೆ ದುಂಡಗಾಗಿ 'ಒ' ಆಗಿಬಿಡುತ್ತದೆ. ಇದನ್ನು ನೆನಪಿಟ್ಟುಕೋ, ಮುಂದೆ ಇದರಿಂದಲೇ ಅನಾಹುತ ಆಗುವುದಿದೆ.

ನಮ್ಮ ಕೇಂದ್ರದಲ್ಲಿ ಎಲ್ಲಕ್ಕಿಂತ ಮೊದಲು ನಾನು ಹಲಗೆಯ ಮೇಲೆ ಬರೆಯುವುದು, 'ಯಾರ ಹಂಗಿನಲ್ಲೂ ಇರಬೇಡ.' ಜಾಹೆದಾ ಚೇಷ್ಟೆ ಮಾಡುತ್ತಾಳೆ: "ಅಕ್ಕಾ, ಅ ಆ ಇ ಈ ಆಮ್ಯಾಲ, ಮೊದಲ ಹಂಗು!" ಶೆಫಾಲಿ ಬಂದ ವಾರವೇ ಕೈ ಎತ್ತಿ ಕೇಳಿದಳು, "ಹಂಗು ಅಂದ್ರ ಏನು ಯಬ್ಬಾ?"

"ಒಬ್ಬರ ಮನಿ ಅನ್ನ ಉಣ್ತಿ. ಉಂಡ ಮ್ಯಾಲ ಅವರ ಮುಂದ ಕುಂದ್ರಾಕ, ಏಳಾಕ, ಮಾತಾಡಾಕ ಅಂಜಿಕಿ ಬರ್ತದ. ಆ ಮನ್ಯಾಗ ಕಾಲು ಚಾಚಿ ಮಲಗಾಕ ಆಗಲ್ಲ. ಅದಕ್ಕ ಹಂಗು ಅಂತಾರ" ಎಂದೆ.

ಅವಳು ತಟ್ಟನೆ, "ಗೊತ್ತದ ಯಬ್ಬಾ. ಭಾಬನ ಮನಿ" ಎಂದಳು. ಆಮೇಲೆ ಆ ಪದ ಬರೆದುಕೊಳ್ಳುವ ಅಗತ್ಯವೇ ಅವಳಿಗೆ ಬೀಳಲಿಲ್ಲ.

ಖಾನಾವಳಿಯ ವಿಚಾರ ಹುಟ್ಟಿದ್ದು ಅವಳ ತಲೆಯಲ್ಲೇ. ಮಾನ್ವಿ, ಸಿರವಾರದ ಮಿಲ್ಲುಗಳಲ್ಲಿ ಈಗ ಬಂಗಾಳ, ಒಡಿಶಾ, ಬಿಹಾರದ ಹುಡುಗರೇ ಹೆಚ್ಚು. ಇಡೀ ದಿನ ಅಕ್ಕಿ ಹೊತ್ತು ಸಂಜೆ ಬರೀ ಅನ್ನ, ಖಾರದಪುಡಿ ಉಣ್ಣುತ್ತಾರಂತೆ. ಹಬ್ಬಕ್ಕೆಂದು ಊರಿಗೆ ಹೋದವರು ತಿರುಗಿ ಬರುವುದಿಲ್ಲ. "ಮೀನು ಅನ್ನ ಹಾಕಿದ್ರ ಬರ್ತಾರ ಯಬ್ಬಾ" ಎಂದಳು. ಗಡಿಗೆಪ್ಪನ ಮಿಲ್ಲಿನ ಹಿತ್ತಲಲ್ಲಿ ಹಳೆಯ ಗೋಣಿಚೀಲ ತುಂಬಿದ ಒಂದು ಖೋಲಿ ಬಳಕೆಯಿಲ್ಲದೆ ಬಿದ್ದದ್ದು ನನಗೆ ಗೊತ್ತಿತ್ತು. ಊರಲ್ಲಿ ಬೇರೆ ಯಾರೂ ಅವಳಿಗೆ ಜಾಗ ಕೊಡುತ್ತಿರಲಿಲ್ಲ, ನಾಲ್ಕು ಕಡೆ ಕೇಳಿ ನಾಲ್ಕು ಕಡೆ ಬೈಸಿಕೊಂಡು ಬಂದಿದ್ದೆವು. ಭಾವನೂ ಈ ದೀಪಾವಳಿ ಮುಗಿಯುತ್ತಲೇ ಮನೆ ಬಿಡಿ ಎಂದು ಹೇಳಿಯಾಗಿತ್ತು. ಈ ಖೋಲಿ ಸಿಗದಿದ್ದರೆ ಅವಳು ಆ ಮುದುಕಿಯನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕು?

"ಗುರುಶಾಂತಕ್ಕಾ, ನೀ ಮೀನಿನ ಅಂಗಡಿ ಇಡಿಸಾಕ ಹೊಂಟೀದಿ? ನಿಮ್ಮ ಓಣ್ಯಾಗ ಗೊತ್ತಾದ್ರ?" ಎಂದಳು ಜಾಹೆದಾ. "ಗೊತ್ತಾಗ್ಲಿ ತಗೋ" ಎಂದು ಶೆಫಾಲಿಯನ್ನು ಕರೆದುಕೊಂಡು ಹೊರಟೆ.

ಗಡಿಗೆಪ್ಪ ನಿನಗೆ ಗೊತ್ತಲ್ಲ, ಪ್ರತಿ ಗುಡಿಯ ಕಲ್ಲಿನ ಮೇಲೂ ದಾನಿಗಳ ಸಾಲಿನಲ್ಲಿ ಹೆಸರು ಕೆತ್ತಿಸಿಕೊಂಡವನು. ಚಹಾ ಕುಡಿಸಿದ, ಕ್ಷೇಮ ಕೇಳಿದ. ಮೀನು ಎಂದದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟ.

"ಯಕ್ಕಾ, ನಿಮಗ ತಲಿಗಿಲಿ ಕೆಟ್ಟದೇನ್ರೀ? ನಮ್ಮ ಮಿಲ್ಲಿನಾಗ ಮೀನು? ದಿನಾ ಪೂಜಿ ಮಾಡಿ ಮಷಿನ್ ಚಾಲೂ ಮಾಡ್ತೀವಿ ನಾವು!"

ನನಗೂ ರೇಗಿತು. "ಅಲ್ರೀ ಗಡಿಗೆಪ್ಪಣ್ಣ, ನಿಮ್ಮ ಮಿಲ್ಲಿನ ಅಕ್ಕಿ ದೇಶದ ತುಂಬಾ ಹೋಗ್ತದ. ಅದನ್ನ ಎಲ್ಲಾರೂ ಬದನಿಕಾಯಿ ಪಲ್ಯಾದ ಜೋಡಿನೇ ಉಣ್ತಾರಂತ ತಿಳಿದೀರೇನು? ಹಂಗಿದ್ರ ಚೀಲದ ಮ್ಯಾಲ ಬರಸ್ರಿ, ಈ ಅಕ್ಕಿ ಮೀನಿನ ಜೋಡಿ ಉಣ್ಣಬ್ಯಾಡ್ರಿ ಅಂತ!"

ಲೆಕ್ಕ ಬರೆಯುತ್ತಿದ್ದ ಗುಮಾಸ್ತ ತಲೆ ಬಗ್ಗಿಸಿ ನಕ್ಕ. ಗಡಿಗೆಪ್ಪನಿಗೂ ತಡೆಯಲಾಗಲಿಲ್ಲ, ಮೀಸೆಯೊಳಗೇ ನಕ್ಕು ಕೂತ. ಹುಡುಗರು ಊರಿಗೆ ಹೋಗಿ ಬರದಿದ್ದರೆ ಸುಗ್ಗಿಯಲ್ಲಿ ಚೀಲ ಹೊರುವವರು ಯಾರು ಎಂದು ನಾನು ಬಿಡದೆ ಕೇಳಿದೆ. ಅದು ಅವನಿಗೆ ತಾಗಿತು. ಕಿಟಕಿಯಾಚೆ ನೋಡಿದ, ಮೂಲೆಯಲ್ಲಿ ನಿಂತ ಶೆಫಾಲಿಯನ್ನು ನೋಡಿದ. ಆಮೇಲೆ ದೊಡ್ಡ ದಾನಿಯ ದನಿ ತೆಗೆದು ಅವಳಿಗೆ ಹೇಳಿದ:

"ಆತು ತಂಗಿ. ಗಾಳಿ ಆ ಕಡಿಗೆ ಹೋಗಂಗ ಒಲಿ ಇಟ್ಕೋ. ಬಾಡಿಗಿ ಗೀಡಿಗಿ ಏನ್ ಬ್ಯಾಡ. ಹಂಗ ಇರು."

ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಶೆಫಾಲಿಯ ಮುಖ ಕೆಂಪಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ಮುಂದೆ ಬಂದವಳೇ, "ಇರಲ್ಲ! ನಾನು ಹಂಗು ಇರಲ್ಲ! ಬಾಡಿಗಿ ತಗೊಂಡ್ರ ಇರ್ತೀನಿ, ಇಲ್ಲಂದ್ರ ಬ್ಯಾಡ ನಿಮ್ಮ ಖೋಲಿ!" ಎಂದು ಗುಡುಗಿದಳು.

ಯವ್ವಾ ಶಿವಗಂಗಾ, ಏನು ಹೇಳಲಿ! ಗಡಿಗೆಪ್ಪನ ಮುಖ ಗಂಟಿಕ್ಕಿತು. "ಪುಕ್ಕಟೆ ಕೊಟ್ರೂ ಬ್ಯಾಡಂತಾಳಲ್ಲ, ಎಷ್ಟ ಸೊಕ್ಕು ನೋಡ್ರಿ! ಕರಕೊಂಡು ನಡೀರಿ ಯಕ್ಕಾ" ಎಂದು ಎದ್ದು ನಿಂತ. ಗೆದ್ದದ್ದು ಕೈಯಿಂದ ಜಾರಿತು. ಇವಳಿಗೆ ಏನಾಯಿತು ಎಂದು ನನಗೆ ಹೊಳೆಯಲೇ ಇಲ್ಲ. ಅವಳ ಕೈ ಹಿಡಿದು ಎಳೆದರೆ, "ನೀಬೇ ಹಲಗಿ ಮ್ಯಾಲ ಬರದೀರಿ!" ಎಂದು ನನ್ನ ಮೇಲೆಯೇ ಹರಿಹಾಯ್ದಳು.

ಆಗ ತಿಳಿಯಿತು. ಅವನು 'ಹಂಗ ಇರು', ಅಂದರೆ ಸುಮ್ಮನೆ ಹಾಗೇ ಇರು, ಎಂದದ್ದು ಅವಳ ಕಿವಿಗೆ 'ಹಂಗಿನಲ್ಲಿರು' ಎಂದು ಬಿದ್ದಿತ್ತು! ಅವಳ ಪಾಲಿಗೆ ಹಂಗ, ಹಂಗು ಎರಡೂ ಒಂದೇ 'ಹಂಗೊ'. ನಾನು ಅಲ್ಲೇ ಇದ್ದ ಅಕ್ಕಿ ಚೀಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಗಡಿಗೆಪ್ಪ ಗಾಬರಿಯಾಗಿ ನೀರು ತರಿಸಿದ. ಕುಡಿದು, ಉಸಿರು ಹಿಡಿದು, ಎಲ್ಲ ಬಿಡಿಸಿ ಹೇಳಿದೆ.

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಮತ್ತೆ ಕುರ್ಚಿಯಲ್ಲಿ ಕೂತ.

"ನಮ್ಮ ಮಠದಾಗ ಸಣ್ಣವ ಇದ್ದಾಗಿಂದ, ಹಂಗಿನಾಗ ಇರಬಾರದು ಅನ್ನೋ ಈ ಮಾತು ಕೇಳೀನಿ ಯಕ್ಕಾ. ಎಲ್ಲಿಂದಲೋ ಬಂದ ಈಕಿ ಅದನ್ನ ಹಿಡಕೊಂಡು ನಿಂತಾಳ ನೋಡ್ರಿ" ಎಂದ. ಆಮೇಲೆ ಶೆಫಾಲಿಗೆ, "ಆತವ್ವಾ, ಬಾಡಿಗಿ ತಗೋತೀನಿ. ತಿಂಗಳಾ ಐದನೇ ತಾರೀಖಿಗೆ ಕೊಡಬೇಕು ಮತ್ತ" ಎಂದು ಒಂದು ಮೊತ್ತ ಹೇಳಿದ.

ನಮ್ಮ ಹುಡುಗಿ ಏನಂದಳು ಗೊತ್ತೇ? "ಬಹಳ ಆತು, ಕಮ್ಮಿ ಮಾಡ್ರಿ!"

ಖಾನಾವಳಿ ತೆರೆದ ದಿನ ನಾನು ಮೂಗಿಗೆ ಸೆರಗು ಹಿಡಿದೇ ಕೂತಿದ್ದೆ. ಮಿಲ್ಲಿನ ಹುಡುಗರು ಸಾಲಾಗಿ ಕೂತು ಉಂಡದ್ದನ್ನು ನೀನು ನೋಡಬೇಕಿತ್ತು! ಒಬ್ಬನಂತೂ ಮೊದಲ ತುತ್ತು ಬಾಯಿಗಿಟ್ಟು ಅತ್ತುಬಿಟ್ಟ. ಶೆಫಾಲಿಯ ಅತ್ತೆ ಅವನ ತಲೆ ಸವರಿ ಬಂಗಾಳಿಯಲ್ಲಿ ಏನೋ ಹೇಳಿ ಇನ್ನೊಂದು ತುಂಡು ಬಡಿಸಿದಳು. ಗಡಿಗೆಪ್ಪ ಗಾಳಿಗೆ ಬೆನ್ನು ಮಾಡಿ ದೂರ ನಿಂತಿದ್ದ, ಆದರೆ ನಿಂತಿದ್ದ. ನನಗಾಗಿ ಶೆಫಾಲಿ ಹೊಸ ಪಾತ್ರೆ ತಂದು ಬೇರೆ ಒಲೆಯ ಮೇಲೆ ಅನ್ನ, ಬೇಳೆ ಮಾಡಿದ್ದಳು. ಎರಡು ಸಲ ಹಾಕಿಸಿಕೊಂಡು ಉಂಡೆ. ಹಿತ್ತಲಲ್ಲೇ ಒಂದು ಮಗ್ಗುಲ ಖೋಲಿಯಲ್ಲಿ ಅತ್ತೆ ಸೊಸೆ ಉಳಿದುಕೊಂಡಿದ್ದಾರೆ. ಭಾವನ ಮನೆ ಬಿಟ್ಟರು!

ಅವತ್ತಿನಿಂದ ಅವಳು ಇತ್ತ ಬಂದಿಲ್ಲ. ಫೋನೂ ಇಲ್ಲ. ಬರಬಾರದು ಕೂಡ, ಅವಳಿಗೇನು ಕೆಲಸವಿಲ್ಲವೇ? ಕಾಲ ಮೇಲೆ ನಿಂತವರು ಹಿಂದೆ ತಿರುಗಿ ನೋಡುತ್ತಾ ಕೂತರೆ ಆಗುತ್ತದೆಯೇ? ನಾನೇ ಕಲಿಸಿದ್ದು. ಸಂಜೆ ತರಗತಿಯಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಈಗ ನೇಪಾಳದ ಒಬ್ಬ ಹೆಣ್ಣುಮಗಳು ಕೂರುತ್ತಾಳೆ. 'ವ' ಬಹಳ ಚೆನ್ನಾಗಿ ಹೇಳುತ್ತಾಳೆ. ಯಾಕೋ ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ತಡಿ, ಯಾರೋ ಬಾಗಿಲು ಬಡಿಯುತ್ತಿದ್ದಾರೆ.

ಅದೇ ದಿನ, ಮಧ್ಯಾಹ್ನ

ಶಿವಗಂಗಾ, ಯಾರು ಬಂದಿದ್ದರು ಹೇಳು! ಶೆಫಾಲಿ!

ಅವಳನ್ನು ಬಾಗಿಲಲ್ಲಿ ಕಂಡದ್ದೇ ಒಂದೇ ಉಸಿರಿಗೆ ಕೇಳಿದೆ, "ಏನಾತು? ಗಡಿಗೆಪ್ಪ ಏನರ ಅಂದನೇನು? ಅತ್ತಿಗೆ ಆರಾಮಿಲ್ಲೇನು? ಯಾರರ ಬಂದು ಕಾಗದಪತ್ರ ಕೇಳಿದ್ರೇನು? ನಡಿ, ಚಪ್ಪಲಿ ಹಾಕ್ಕೊಂಡು ಬಂದೆ, ಯಾವ ಆಫೀಸಿಗೆ ಹೋಗಬೇಕು ಹೇಳು!"

ಎಲ್ಲದಕ್ಕೂ ಅವಳು ತಲೆ ಅಲ್ಲಾಡಿಸಿದಳು. "ಮಿಲ್ಲು ಬಂದ್ ಅದ ಯಬ್ಬಾ. ಭಾನುಬಾರ."

"ಅದಕ್ಕ?"

"ಅದಕ್ಕ ಅಲ್ಲ." ಅಭ್ಯಾಸ ಮಾಡಿಕೊಂಡು ಬಂದವಳ ಹಾಗೆ ಬಾಯಿ ಅಗಲ ತೆರೆದು, ಕೊನೆಯ 'ಅ' ಪೂರ್ತಿ ಹೊರಗೆ ಬಿಟ್ಟು ಹೇಳಿದಳು, "ಹಂಗ... ಹಂಗ ಬಂದೆ."

ಮಾನ್ವಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಒಂದು ಬಾಳೆಹಣ್ಣು ಕೂಡ ಇರಲಿಲ್ಲ! ಚಹಾಕ್ಕೆ ನೀರಿಡುತ್ತೇನೆಂದು ನಾನು ಒಳಗೆ ಹೋಗಿಬಿಟ್ಟೆ. ಹೊರಗೆ ಬಂದಾಗ ಅವಳು ಫ್ಯಾನ್ ಹಾಕಿಕೊಂಡು ಕೂತಿದ್ದಳು, ನನ್ನನ್ನು ಕೇಳದೆ. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು ಎಂದಳು. ರೊಟ್ಟಿ, ಪುಂಡಿಪಲ್ಯ ಉಂಡಳು. ಕೆಲಸದ ಮಾತು ಒಂದೂ ಬರಲಿಲ್ಲ. ಈಗ ಪಡಸಾಲೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದಾಳೆ. ಗೊರಕೆ ಹೊಡೆಯುತ್ತಿದ್ದಾಳೆ! ಅದನ್ನು ಕೇಳುತ್ತಾ ಬರೆಯುತ್ತಿದ್ದೇನೆ.

ಸಾಕು, ಅವಳು ಏಳುವ ಹೊತ್ತಾಯಿತು. ಚಳಿ ಬರುತ್ತಿದೆ, ಬೆಳಿಗ್ಗೆ ಶಾಲೆಗೆ ಹೋಗುವಾಗ ಕಿವಿ ಮುಚ್ಚಿಕೋ. ಉದಯಕುಮಾರನಿಗೆ ನನ್ನ ನೆನಪು ಹೇಳು. ನೀವಿಬ್ಬರೂ ನೂರು ವರ್ಷ ನಗುನಗುತ್ತಾ ಬಾಳಿ, ಶಿವ ನಿಮ್ಮ ಬೆನ್ನಿಗಿರಲಿ.

ನಿನ್ನ ಅಕ್ಕ,
ಗುರುಶಾಂತಮ್ಮ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನಗೆ ನೌಕರಿ ಆದೇಶ ಬಂದ ದಿನ ನೀನು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು, "ಅಕ್ಕಾ, ಇವತ್ತಿಗೆ ನಿನ್ನ ಹಂಗು ತೀರಿತು ನೋಡು" ಎಂದೆ. ಸಂತೋಷಕ್ಕೇ ಅಂದಿರಬೇಕು. ನಾನೂ ನಕ್ಕೆ. ಅವ್ವ ಹೋದ ದಿನದಿಂದ ನಿನ್ನ ಜಡೆ ಹೆಣೆದದ್ದು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡದ್ದು, ಅದೆಲ್ಲ ನಿನಗೆ ಹಂಗಾಗಿತ್ತು ಎಂದು ನನಗೆ ಅವತ್ತೇ ತಿಳಿದದ್ದು. ಅಲ್ಲಿಂದ ಮುಂದೆ ನೀನು ಬಂದಾಗಲೆಲ್ಲ ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ಒಂದು ಕಾರಣ. ಕುರ್ಚಿಯ ತುದಿಯಲ್ಲಿ ಕೂತು, ಸಂಜೆ ಬಸ್ಸಿಗೆ ಎದ್ದುಬಿಡುತ್ತೀ. ಒಂದು ರಾತ್ರಿಯೂ ನಮ್ಮ ಮನೆಯಲ್ಲಿ ಮಲಗಿಲ್ಲ ನೀನು.

ಈ ಪತ್ರಕ್ಕೆ ಉತ್ತರ ಬರೆಯಬೇಡ. ರಾಯಚೂರಿನಲ್ಲಿ ನಿನಗೆ ಯಾವ ಕೆಲಸವೂ ಇಲ್ಲದ ಒಂದು ದಿನ ನೋಡಿ, ಬರಿಗೈಯಲ್ಲಿ ಬಸ್ಸು ಹತ್ತು. ಬಾಗಿಲು ತೆರೆದು ನಾನು "ಯಾಕ ಬಂದಿ?" ಎಂದು ಕೇಳಿಯೇ ಕೇಳುತ್ತೇನೆ, ವಾರ್ಡನ್ ಬುದ್ಧಿ ಎಲ್ಲಿ ಹೋದೀತು. ಏನು ಹೇಳಬೇಕೆಂದು ಈಗ ನಿನಗೂ ಗೊತ್ತಾಯಿತಲ್ಲ.